ಚೀಲದಲ್ಲಿ ಸಿಕ್ಕ ಬೇವಿನೆಲೆ

ಗದ್ದೆಗೆ ಇಳಿಯುವ ಮುಂಚೆ ಅಕ್ಕಾರು ಚಪ್ಪಲಿಗಳನ್ನು ಒಡ್ಡಿನ ಮೇಲೆ ಬಿಡುತ್ತಿದ್ದರು, ಅವುಗಳ ಮುಖ ರಸ್ತೆಯ ಕಡೆ ತಿರುಗಿಸಿ. ಸೀರೆಯ ನೆರಿಗೆಯನ್ನು ಮೇಲೆತ್ತಿ ಸಿಕ್ಕಿಸಿ, ಕೆಸರಿಗಿಳಿದು, ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಮೊದಮೊದಲು ನಾನು ಅದನ್ನು ಪ್ರಾರ್ಥನೆಯೆಂದು ತಿಳಿದು ದೂರದಲ್ಲಿ ಕೈಕಟ್ಟಿ ನಿಂತಿದ್ದುಂಟು. ಆಮೇಲೆ ಗೊತ್ತಾಯಿತು, ಅವರು ಕಾಲ್ಬೆರಳಿನಿಂದ ಕೆಸರನ್ನು ಓದುತ್ತಿದ್ದರು.

"ಇಲ್ಲಿ ಬ್ಯಾಡ್ರಿ ಸರ. ಇಲ್ಲಿ ಮೊನ್ನಿ ಎಮ್ಮಿ ಹೊಳ್ಯಾಡ್ಯದ, ಕೆಳಗಿನ ರಾಡಿ ಮ್ಯಾಲ ಬಂದದ. ಜರಾ ಮುಂದ ಹೋಗೋಣು."

ರಾಯಚೂರಿನ ಒಂದು ಪ್ರಯೋಗಾಲಯದಲ್ಲಿ ಅವರು ನಮೂನೆ ತರುವವರು, ನಾನು ಅದನ್ನು ಯಂತ್ರಕ್ಕೆ ಉಣಿಸುವವನು. ಭತ್ತದ ಗದ್ದೆಗೆ ಹೊಡೆದ ಕೀಟನಾಶಕ ನೀರಿನಲ್ಲಿ ಎಷ್ಟು ಉಳಿಯುತ್ತದೆ, ಕೆಸರಿನಲ್ಲಿ ಎಷ್ಟು, ಹುಲ್ಲಿನಲ್ಲಿ ಎಷ್ಟು, ಕಡೆಗೆ ಕಾಳಿನಲ್ಲಿ ಎಷ್ಟು ಎಂದು ನೋಡುವುದು ನಮ್ಮ ಕೆಲಸ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಫೋನ್ ಬರುತ್ತದೆ, ಬೈಗುಳ ಅವರ ಊರು ಗಬ್ಬೂರಿನಿಂದ ರಾಯಚೂರಿನ ತನಕ ಫೋನಿಲ್ಲದೆಯೂ ಕೇಳಿಸುತ್ತದೆ. ಎಲ್ಲರಿಗೂ ಅವರು ಅಕ್ಕಾರು. ಅವರಿಗಿಂತ ಹುದ್ದೆಯಲ್ಲಿ ಎಷ್ಟೋ ಮೇಲಿನವರಾದ ನಮ್ಮ ದೊಡ್ಡ ಸಾಹೇಬರಿಗೂ ಅಕ್ಕಾರೇ.

ಹೋದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ನಾನು ಎರಡು ಮಾತು ಆಡಬೇಕಿತ್ತು. ನಾಲ್ಕು ಹಾಳೆ ಬರೆದೆ. ಮರೆತರೆ ಎಂಬ ಚಿಂತೆಗೆ ಬರೆದದ್ದು. ಬರೆದದ್ದು ಕಳೆದರೆ ಎಂಬ ಚಿಂತೆಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ರಾಯಚೂರಿನ ಸೆಕೆಗೆ ಬೆವರಿ, ವೇದಿಕೆಗೆ ಹೋಗಿ ತೆಗೆದು ನೋಡಿದರೆ ನಾಲ್ಕೂ ಹಾಳೆ ಒಂದಕ್ಕೊಂದು ಅಂಟಿ, ಶಾಯಿ ಹರಡಿ, ಒಂದೇ ಒಂದು ಸಾಲು ಓದಲು ಬರುವಂತಿತ್ತು. "ಅಕ್ಕಾರು ಸಮಯಕ್ಕೆ ಸರಿಯಾಗಿ ಬರುತ್ತಿದ್ದರು" ಎಂದು ಹೇಳಿ ಕುಳಿತೆ.

ಶಾಲು ಹೊದ್ದು ಕುಳಿತಿದ್ದ ಅಕ್ಕಾರು ಕುರ್ಚಿಯಿಂದಲೇ ಕೇಳಿದರು: "ಅಷ್ಟೇ ಏನ್ರಿ ಸರ? ಗಡಿಯಾರಕ್ಕ ಸನ್ಮಾನ ಮಾಡಿದಂಗಾತಲ್ರಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಅಳಿಸಿಹೋದ ಆ ನಾಲ್ಕು ಹಾಳೆಗಳಲ್ಲಿ ಏನಿತ್ತೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಅವರದು ಅರ್ಥವಾಗುವುದಿಲ್ಲ. ನಾನು ಹುಟ್ಟು ಚಿಂತೆಗಾರ. ಅಂಥವನಿಗೆ ಅನ್ನದಲ್ಲಿ ವಿಷ ಹುಡುಕುವ ನೌಕರಿ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಮನೆಯಲ್ಲಿ ಅಕ್ಕಿ ತೊಳೆಯುವ ಹಕ್ಕನ್ನು ಹೆಂಡತಿಯಿಂದ ಕಸಿದುಕೊಂಡೆ. ಏಳು ಸಲ ತೊಳೆಯುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಿ ತೊಳಿಯಾಕತ್ತೀರೋ, ಅದರ ಹಿಂದಿನ ಜನ್ಮದ ಪಾಪ ತೊಳಿಯಾಕತ್ತೀರೋ?" ಎನ್ನುತ್ತಿದ್ದಳು. ಐದನೆಯ ತೊಳೆತಕ್ಕೆ ಅಕ್ಕಿ ನುಚ್ಚಾಗುತ್ತಿತ್ತು. ಏಳನೆಯದಕ್ಕೆ ನಾವಿಬ್ಬರೂ ಮಾತು ಬಿಡುತ್ತಿದ್ದೆವು.

ಇಂಥ ನಾನು ಮೊದಲ ಸಲ ಅಕ್ಕಾರ ಜೊತೆ ಗದ್ದೆಗೆ ಹೋದಾಗ ಮೊಣಕಾಲುದ್ದದ ರಬ್ಬರ್ ಬೂಟು, ಕೈಗೆ ಗ್ಲೌಸು, ಮೂಗಿಗೆ ಮಾಸ್ಕು, ತಲೆಗೆ ಟೊಪ್ಪಿಗೆ ಹಾಕಿಕೊಂಡಿದ್ದೆ. ಕಳೆ ತೆಗೆಯುತ್ತಿದ್ದ ಹೆಂಗಸರು ಬಗ್ಗಿದ ಸೊಂಟ ಎತ್ತಿ ನೋಡಿದರು. ಅವರಲ್ಲೊಬ್ಬಾಕೆ ಕೇಳಿದಳು: "ಅಕ್ಕಾರs, ಇವರು ಗದ್ದಿಗೆ ಬಂದಾರೋ, ಚಂದ್ರಗ ಹೊಂಟಾರೋ?"

ಮೂರನೆಯ ಹೆಜ್ಜೆಗೆ ಬಲಗಾಲಿನ ಬೂಟು ಕೆಸರಿನಲ್ಲಿ ಹೂತಿತು. ಎಳೆದರೆ ಕಾಲು ಬಂತು, ಬೂಟು ಬರಲಿಲ್ಲ. ಅಕ್ಕಾರು ನನ್ನನ್ನು ರಟ್ಟೆ ಹಿಡಿದು ಎತ್ತಿ ಒಡ್ಡಿನ ಮೇಲಿಟ್ಟರು, ನಾಟಿಯ ಸಸಿ ಕಟ್ಟು ಇಡುವಂತೆ. "ಕಾಲಿಗೆ ಕಣ್ಣದಾವ್ರಿ ಸರ. ನೀವು ಅದಕ್ಕ ಚೀಲ ಕಟ್ಟೀರಿ" ಎಂದರು. ಆ ಬೂಟು ಇನ್ನೂ ಮಾನ್ವಿ ತಾಲೂಕಿನ ಆ ಗದ್ದೆಯಲ್ಲೇ ಇದೆ. ಆ ರಬ್ಬರಿನಿಂದ ಕೆಸರಿಗೆ ಏನೇನು ಸೇರಿರಬಹುದು ಎಂದು ನಾನು ಎರಡು ವರ್ಷ ಚಿಂತಿಸಿದೆ.

ನಮ್ಮ ಪ್ರಯೋಗಾಲಯದ ಆ ದೊಡ್ಡ ಯಂತ್ರಕ್ಕೆ ಅಕ್ಕಾರು ಇಟ್ಟ ಹೆಸರು ಅಳಿಯ. ಅದಕ್ಕೆ ಸದಾ ತಂಪು ಕೋಣೆ ಬೇಕು, ಕರೆಂಟು ಹೋದರೆ ಮುನಿಸಿಕೊಂಡು ಅರ್ಧ ದಿನ ಮಾತಾಡುವುದಿಲ್ಲ, ಸೋಸದೆ ಏನು ಕೊಟ್ಟರೂ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಬಂದವರೇ ಕೇಳುತ್ತಿದ್ದರು: "ಅಳಿಯ ಎದ್ದಾನೇನ್ರಿ? ಎಸಿ ಹಚ್ಚೀರೇನು? ಇವತ್ತರ ಬಾಯಿ ಬಿಡತಾನೋ ಇಲ್ಲೋ?" ಆಮೇಲಾಮೇಲೆ ದೊಡ್ಡ ಸಾಹೇಬರೂ ಮೀಟಿಂಗಿನಲ್ಲಿ ಬಾಯಿತಪ್ಪಿ "ಅಳಿಯನ ಸರ್ವಿಸಿಂಗ್ ಯಾವಾಗ?" ಎಂದು ಕೇಳಿದರು.

ನೀರು ನಿಂತ ಗದ್ದೆಯ ಕಥೆ ಒಣ ಹೊಲದ ಕಥೆಯಂತಲ್ಲ. ನೀರಿನಡಿಯ ಕೆಸರಿಗೆ ಗಾಳಿ ತಾಗುವುದಿಲ್ಲ. ಅಲ್ಲಿ ಕೆಲವು ಕೀಟನಾಶಕಗಳು ಬೇಗ ಮುರಿಯುತ್ತವೆ, ಕೆಲವು ಮುರಿಯುವುದೇ ಇಲ್ಲ ಎನ್ನುವಷ್ಟು ನಿಧಾನ. ಕೆಲವು ನೀರಿನ ಬೆನ್ನು ಹತ್ತಿ ಕೆಳಗಿನ ಗದ್ದೆಗೆ ಹೋಗುತ್ತವೆ, ಕೆಲವು ಮಣ್ಣಿಗೆ ಅಂಟಿ ಕೂರುತ್ತವೆ. ಇದನ್ನು ರೈತರಿಗೆ ಹೇಳಲು ನನಗೆ ಪರದೆ, ಪ್ರೊಜೆಕ್ಟರ್ ಮತ್ತು ಅರ್ಧ ಗಂಟೆ ಬೇಕಾಗುತ್ತಿತ್ತು. ಹತ್ತನೆಯ ನಿಮಿಷಕ್ಕೆ ಮುಂದಿನ ಸಾಲಿನವರ ಕಣ್ಣು ಮುಚ್ಚುತ್ತಿದ್ದವು. ಅಕ್ಕಾರಿಗೆ ಬೇಕಾದದ್ದು ಒಂದು ಚಿಟಿಕೆ ಅರಿಶಿಣ, ನಾಲ್ಕು ಹನಿ ಎಣ್ಣೆ, ಒಂದು ತಂಬಿಗೆ ನೀರು.

ಅರಿಶಿಣವನ್ನು ಎಣ್ಣೆಯಲ್ಲಿ ಕಲಸಿ ಎದುರಿಗಿದ್ದವನ ಅಂಗೈಗೆ ಸವರುತ್ತಿದ್ದರು. "ತೊಳಕೋ" ಎಂದು ನೀರು ಹಾಕುತ್ತಿದ್ದರು. ಅವನು ತೊಳೆದುಕೊಂಡ ಮೇಲೆ ಕೈ ತಿರುಗಿಸಿ ಎಲ್ಲರಿಗೂ ತೋರಿಸುತ್ತಿದ್ದರು.

"ನೀರಿನ ಸಂಗಟ ಹೋಗೋದು ಹೋತು. ಅಂಗೈಯಾಗಿಂದು ನಾಳಿ ಹೋಗತದ. ಉಗುರ ಸಂದ್ಯಾಗಿಂದು? ಮುಂದಿನ ಅಮಾಸಿಗೂ ಇರತದ. ನಿಮ್ಮ ಗದ್ದಿ ರಾಡಿ ಅಂದ್ರ ಈ ಉಗುರ ಸಂದಿ ನೋಡ್ರಪಾ."

ಯಾರೂ ನಿದ್ದೆ ಮಾಡುತ್ತಿರಲಿಲ್ಲ. ನನ್ನ ಪ್ರೊಜೆಕ್ಟರನ್ನು ಚೀಲದಿಂದ ಹೊರಗೆ ತೆಗೆಯುವುದನ್ನು ನಾನೇ ಬಿಟ್ಟೆ.

ಈಗ ಆ ಬೇವಿನೆಲೆಯ ವಿಷಯ.

ಕೆಲವು ವರ್ಷಗಳ ಹಿಂದೆ ನಮಗೆ ಒಂದು ದೊಡ್ಡ ಕೆಲಸ ಬಂತು. ಸುಗ್ಗಿ ಮುಗಿದ ಮೇಲೆ ಮಾನ್ವಿ, ದೇವದುರ್ಗ ಕಡೆಯ ಹಳ್ಳಿಗಳಿಗೆ ಹೋಗಿ ಪ್ರತಿ ರೈತನ ಗದ್ದೆಯ ಕೆಸರು, ಹುಲ್ಲು, ಮತ್ತು ಅವನು ಬೆಳೆದ ನೆಲ್ಲು, ಮೂರನ್ನೂ ತಂದು ಪರೀಕ್ಷೆ ಮಾಡಬೇಕು. ಆ ಭಾಗದಲ್ಲಿ ಪೈರಿನ ಬುಡದ ರಸ ಹೀರುವ ಜಿಗಿಹುಳುವಿನ ಹೆದರಿಕೆಗೆ ಕಾಳು ಕಟ್ಟಿದ ಮೇಲೂ, ಕೊಯ್ಲು ಹತ್ತಿರ ಬಂದ ಮೇಲೂ ಕಡೆಯ ಸಲ ಎಣ್ಣೆ ಹೊಡೆಯುವ ರೂಢಿಯಿದೆ. ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಎಂದೇ ಹೆಸರು. ಆ ಕಡೆಯ ಸಲದ್ದು ಕಾಳಿನಲ್ಲಿ ಉಳಿಯುತ್ತದೆಯೇ? ಉಳಿದಿದ್ದರೆ ಹಳ್ಳಿ ಹಳ್ಳಿಗೆ ಹೋಗಿ ಅದನ್ನು ಬಿಡಿಸುವ ಕೆಲಸ ಮುಂದುವರಿಯುತ್ತದೆ. ಉಳಿದಿಲ್ಲವೆಂದರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ನಮ್ಮ ವರದಿಯ ಮೇಲೆ ನಿಂತಿದ್ದದ್ದು ಇಷ್ಟು.

ಬೆಳಿಗ್ಗೆ ರಾಯಚೂರಿನಲ್ಲಿ ಮಂಡಾಳ ಎನ್ನುವ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ತಿಂದು ಜೀಪು ಹತ್ತುತ್ತಿದ್ದೆವು. ಹಳ್ಳಿ ಮುಟ್ಟಿದ ಮೇಲೆ ಕೆಲಸ ಹಂಚಿಕೊಳ್ಳುತ್ತಿದ್ದೆವು. ಅಕ್ಕಾರು ಗದ್ದೆಗೆ, ಕೆಸರು ಮತ್ತು ಹುಲ್ಲು ತರಲು. ನಾನು ರೈತರ ಮನೆಗೆ, ನೆಲ್ಲು ತರಲು. ನಿಯಮದ ಪ್ರಕಾರ ನಾನು ನೆಲ್ಲಿನ ರಾಶಿಯ ಹತ್ತಿರ ಹೋಗಿ, ನಾಲ್ಕಾರು ಕಡೆ ಕೈ ಹಾಕಿ, ನಾನೇ ತೆಗೆಯಬೇಕು. ಆದರೆ ನೆಲ್ಲಿನ ಧೂಳಿಗೆ ನನಗೆ ಸೀನು, ಸೀನಿಗೆ ತಲೆನೋವು, ತಲೆನೋವಿಗೆ ಬೇರೇನೋ ಇರಬಹುದೆಂಬ ಚಿಂತೆ. ಹಾಗಾಗಿ ನಾನು ಕಟ್ಟೆಯ ಮೇಲೆ ಕೂತು, "ನೀವು ಬೆಳೆದ ನೆಲ್ಲು ಒಂದು ಸೇರು ಕೊಡ್ರಿ" ಎಂದು ಕೇಳಿ, ಅವರು ಕೊಟ್ಟ ಚಹಾ ಕುಡಿಯುತ್ತಿದ್ದೆ. ಒಳಗಿನಿಂದ ನೆಲ್ಲು ಬರುತ್ತಿತ್ತು. ಮೊರದಲ್ಲಿ ಕೇರಿ, ಕಲ್ಲು ಕಡ್ಡಿ ಆರಿಸಿ, ತೊಳೆದ ಹಿತ್ತಾಳೆ ಬೋಗುಣಿಯಲ್ಲಿ ಹಾಕಿ ಕೊಡುತ್ತಿದ್ದರು. ಎಷ್ಟು ಅಚ್ಚುಕಟ್ಟಿನ ಜನ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತಿದ್ದೆ.

ಅಳಿಯ ಬಾಯಿ ಬಿಟ್ಟ. ಕೆಸರಿನಲ್ಲಿ ಇತ್ತು. ಹುಲ್ಲಿನಲ್ಲಿ ಚೆನ್ನಾಗಿಯೇ ಇತ್ತು. ನೆಲ್ಲಿನಲ್ಲಿ ಏನೂ ಇಲ್ಲ. ಒಬ್ಬರದಲ್ಲ, ಇಬ್ಬರದಲ್ಲ, ಹೆಚ್ಚುಕಡಿಮೆ ಎಲ್ಲರ ನೆಲ್ಲೂ ಶುದ್ಧ. ಜಗತ್ತಿನಲ್ಲಿ ಎಲ್ಲವನ್ನೂ ಅನುಮಾನಿಸುವ ನಾನು, ಅನುಮಾನಿಸಲೇಬೇಕಾದ ಈ ಒಂದನ್ನು ಮಾತ್ರ ನಂಬಿಬಿಟ್ಟೆ. ಅಷ್ಟು ಸಂತೋಷವಾಗಿತ್ತು. ಗಿಡ ಏನೇ ಕುಡಿದರೂ ಕಾಳಿಗೆ ಬರುವಷ್ಟರಲ್ಲಿ ಎಲ್ಲಾ ತೊಳೆದುಹೋಗುತ್ತದೆ ಎಂದು ಚಂದದ ವರದಿ ಬರೆದೆ. ಆ ವಾರ ಮನೆಯಲ್ಲಿ ಅಕ್ಕಿಯನ್ನು ಎರಡೇ ಸಲ ತೊಳೆದೆ. ಹೆಂಡತಿ ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ದೊಡ್ಡ ಸಾಹೇಬರು ವರದಿಯ ಕರಡು ಓದಿ, "ಕಾಳಿನಲ್ಲಿ ಇಲ್ಲವೆಂದರೆ ಹಳ್ಳಿಗೆ ಹೋಗಿ ಹೇಳೋದೇನಿದೆ? ಮುಂದಿನ ವಾರ ಕಳಿಸಿಬಿಡೋಣ" ಎಂದರು.

ಮರುದಿನ ಅಕ್ಕಾರು ನನ್ನ ಮೇಜಿಗೆ ಬಂದರು. ಕೈಯಲ್ಲಿ ಒಂದು ಗಾಜಿನ ತಟ್ಟೆ. ಕೇರಿದ ಮೇಲೂ ಉಳಿದಿದ್ದು, ನೆಲ್ಲಿನ ಪ್ರತಿ ಚೀಲದಿಂದಲೂ ನಾನು ಚಿಮಟದಲ್ಲಿ ಹೆಕ್ಕಿ ಹಾಕಿದ್ದ ಕಸ ಅದರಲ್ಲಿತ್ತು. ನಾನೇ ಚೀಟಿ ಅಂಟಿಸಿ "ಕಸ" ಎಂದು ದುಂಡಗೆ ಬರೆದಿದ್ದೆ.

"ಸರ, ಇದೇನ್ರಿ?"

"ಕಸ."

"ಯಾವ ಕಸ?"

"ಒಣಗಿದ ಎಲೆ ಇರಬೇಕು."

"ಯಾತರ ಎಲಿ?"

ನಾನು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದೆ. "ಬೇವಿಂದು."

"ಗದ್ದಿ ನಡಬರಕ ಬೇವಿನ ಗಿಡ ನೋಡೀರೇನು?"

"ಒಡ್ಡಿನ ಮೇಲೆ ಇರಬಹುದಲ್ಲ, ಗಾಳಿಗೆ..."

"ಒಂದು ಚೀಲದಾಗ ಆದ್ರ ಗಾಳಿ ಅನ್ರಿ. ಎಲ್ಲಾ ಚೀಲದಾಗೂ ಬೇವಿನ ಎಲಿನೇ ಬೀಳಿಸಾಕ ಗಾಳಿಗೇನು ನೌಕರಿ ಅದ ಏನ್ರಿ?"

ಅಕ್ಕಾರು ಕುರ್ಚಿ ಎಳೆದುಕೊಂಡು ಕುಳಿತರು.

"ಮನಿಗೆ ಇಟ್ಕೊಳ್ಳೋ ನೆಲ್ಲಿಗೆ ಹುಳ ಬೀಳಬಾರದಂತ ಬೇವಿನ ಎಲಿ ಹಾಕತಾರ. ನೆಲ್ಲಾಗಲಿ, ಅಕ್ಕಿ ಆಗಲಿ, ಎಲಿ ಇಲ್ಲದ ಇಡಂಗಿಲ್ಲ. ಮಿಲ್ಲಿಗೆ ಹೋಗೋ ನೆಲ್ಲಿಗೆ ಯಾರು ಹಾಕತಾರ? ಕಾಲುವಿ ತೂಬಿನ ಬಾಯಿಗೆ ಮೊದಲ ನೀರು ಉಣ್ಣೋ ಗದ್ದಿ ಇರತದಲ್ಲ, ಅದು ಮನಿ ಗದ್ದಿ. ಅದಕ್ಕ ಎಣ್ಣಿ ಹೊಡಿಯಂಗಿಲ್ಲ, ಮ್ಯಾಲಿನ ಗದ್ದಿ ನೀರೂ ಬರಂಗಿಲ್ಲ. ಅದರಾಗ ಕಪ್ಪಿ ಒದರತಿರತಾವ. ಉಳಿದ ಗದ್ದಿ ಮಿಲ್ಲಿಂದು. ನಾನು ರಾಡಿ ತಂದಿದ್ದು ಮಿಲ್ಲಿನ ಗದ್ದಿದು. ನಿಮಗ ಕೊಟ್ಟಿದ್ದು ಮನಿ ನೆಲ್ಲು."

"ಯಾಕೆ ಹಾಗೆ ಮಾಡಿದರು? ಮುಚ್ಚಿಡೋಕೆ?"

ಅಕ್ಕಾರು ನನ್ನನ್ನು ಕನಿಕರದಿಂದ ನೋಡಿದರು. "ಮುಚ್ಚಿಡಾಕಲ್ರಿ ಸರ. ನೀವು ಕಟ್ಟಿ ಮ್ಯಾಲ ಕುಂತು ಚಾ ಕುಡದ್ರಿ. ಮನಿಗೆ ಬಂದು ಚಾ ಕುಡದವರಿಗೆ ಮಿಲ್ಲಿನ ನೆಲ್ಲು ಹೆಂಗ ಕೊಡತಾರ?"

ಆಮೇಲೆ ಬಸ್ಸಿನ ವೇಳೆ ಹೇಳುವಷ್ಟು ಸಲೀಸಾಗಿ ಇನ್ನೊಂದು ಮಾತು ಹೇಳಿದರು: "ನಮ್ಮವ್ವ ಗಬ್ಬೂರಿಂದ ಮಾನ್ವಿ ಕಡಿಗೆ ನಾಟಿಗೆ, ಕೊಯ್ಲಿಗೆ ಹೋಗತಿದ್ಲು. ನಾನೂ ಹೋಗೀನಿ. ಕೂಲಿಗೆ ನೆಲ್ಲು ಅಳದು ಹಾಕತಿದ್ರು. ಎಷ್ಟು ವರ್ಷ ಆ ಚೀಲ ಬಿಚ್ಚೀನಿ, ಒಂದು ದಿನನೂ ಬೇವಿನ ಎಲಿ ಸಿಕ್ಕಿಲ್ಲ. ಎಲಿ ಇರೋ ರಾಶಿ ಬ್ಯಾರೆ, ಇಲ್ಲದ ರಾಶಿ ಬ್ಯಾರೆ. ನಿಮಗ ಕಸ ಕಂಡದ್ದು ನನಗ ಹೆಂಗ ಕಾಣಬೇಕು ಹೇಳ್ರಿ."

ಮುಂದಿನ ವಾರ ವರದಿ ಹೋಗಬೇಕು. ಹೋದರೆ ಸುಳ್ಳು ಹೋಗುತ್ತದೆ. ತಡೆದರೆ ಒಂದು ಸುಗ್ಗಿಯ ಕೆಲಸವನ್ನು ಚಹಾದಲ್ಲಿ ಮುಳುಗಿಸಿದವನು ನಾನೆಂದು ಎಲ್ಲರಿಗೂ ಗೊತ್ತಾಗುತ್ತದೆ. ನಾನು ಮೂರು ನೆಪ ಸಿದ್ಧಮಾಡಿಕೊಂಡೆ. ಒಂದರಲ್ಲಿ ನನ್ನ ಸೀನಿನ ವೈದ್ಯಕೀಯ ಇತಿಹಾಸವೇ ಇತ್ತು. ಮೇಜಿನ ಮುಂದೆ ತಲೆ ಹಿಡಿದು ಕೂತವನನ್ನು ನೋಡಿ ಅಕ್ಕಾರು, "ಫಿಕರ್ ಮಾಡೋದು ನಿಮ್ಮ ಕೆಲಸ, ಮಾಡ್ರಿ. ಆದ್ರ ಬರಕೋತ ಮಾಡ್ರಿ" ಎಂದು ಬಿಳಿ ಹಾಳೆ ಮುಂದಿಟ್ಟರು.

ಬರೆದೆ. ದೊಡ್ಡ ಸಾಹೇಬರ ಮುಂದೆ ಹೋಗಿ, ಕಟ್ಟೆಯ ಮೇಲೆ ಕೂತು ಚಹಾ ಕುಡಿದದ್ದರಿಂದ ಹಿಡಿದು ಬೇವಿನೆಲೆಗೆ "ಕಸ" ಎಂದು ಚೀಟಿ ಅಂಟಿಸಿದ್ದರ ತನಕ ಎಲ್ಲಾ ಹೇಳಿದೆ. ಅವರು ವರದಿಯ ಕರಡನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, "ಚಹಾ ಚೆನ್ನಾಗಿತ್ತೇನ್ರಿ?" ಎಂದು ಕೇಳಿ, ಇನ್ನೊಂದು ವಾರ ಕೊಟ್ಟರು.

ಆದರೆ ಹೋಗಿ ಕೇಳುವುದು ಹೇಗೆ? "ನೀವು ಕೊಟ್ಟ ನೆಲ್ಲು ಬೇರೆ" ಎಂದರೆ ಸುಳ್ಳುಗಾರರೆಂದು ಕರೆದಂತೆ. ಅವರು ಮಾಡಿದ್ದು ಮರ್ಯಾದೆ. ಮರ್ಯಾದೆ ಮಾಡಿದವರ ಮುಖಕ್ಕೆ ಹಾಗೆಂದರೆ ಮುಂದೆ ಯಾವ ಮನೆಯ ಬಾಗಿಲೂ ನಮಗೆ ತೆರೆಯುವುದಿಲ್ಲ. ಜೀಪಿನಲ್ಲಿ ಅಕ್ಕಾರು ನನಗೆ ಪಾಠ ಹೇಳಿದರು.

"ಈ ಸಲ ನಾವು ಬೀಗರಲ್ಲ ಸರ. ಮಿಲ್ಲಿನವರು ನೆಲ್ಲು ನೋಡಾಕ ಬರತಾರಲ್ಲ, ಹಂಗ ಹೋಗಬೇಕು. ಕಟ್ಟಿ ಮ್ಯಾಲ ಕುಂದ್ರಬ್ಯಾಡ್ರಿ. ಚಾ ಮುಟ್ಟಬ್ಯಾಡ್ರಿ. ನಗಬ್ಯಾಡ್ರಿ."

ಮೂರನೆಯದಂತೂ ನನಗೆ ಹುಟ್ಟಿನಿಂದ ಬಂದದ್ದು.

ಮೊದಲ ಮನೆ ಚೀಕಲಪರ್ವಿಯ ಒಬ್ಬ ಹಿರಿಯ ರೈತರದು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಊರವರಂತೆ ನಾವೂ ಅವರನ್ನು ಯಜಮಾನರು ಎನ್ನುತ್ತಿದ್ದೆವು. ನಮ್ಮನ್ನು ಕಂಡು, "ಬರ್ರಿ ಬರ್ರಿ, ಕುಂದ್ರಿ" ಎಂದು ಕಟ್ಟೆಯ ಮೇಲೆ ಕಂಬಳಿ ಹಾಸಿದರು.

"ಕುಂದ್ರಂಗಿಲ್ರಿ" ಎಂದೆ ನಾನು, ಆಕಾಶ ನೋಡುತ್ತಾ.

"ಚಾ ತರತಾಳ..."

"ಕುಡಿಯಂಗಿಲ್ರಿ."

ಅವರ ಹೆಂಡತಿ ನೀರಿನ ತಂಬಿಗೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ನನ್ನ ಗಂಟುಮುಖ, ಅಕ್ಕಾರ ಬಿಗಿದ ತುಟಿ ನೋಡಿ ಮುಖ ಸಣ್ಣದಾಯಿತು. "ಏನವ್ವಾ, ನಮ್ಮ ಕಡಿಂದೇನರ ತಪ್ಪಾತೇನು?"

ಅಷ್ಟು ಕೇಳಿದ್ದೇ ತಡ, ಅಕ್ಕಾರ ನಾಟಕ ಮುರಿಯಿತು. ಹೋಗಿ ಅವರ ಕೈಯಿಂದ ತಂಬಿಗೆ ತೆಗೆದುಕೊಂಡು ಗಟಗಟ ಕುಡಿದು, ಕಟ್ಟೆಯ ಮೇಲೆ ಕುಳಿತೇಬಿಟ್ಟರು. ನಾನೊಬ್ಬನೇ ಮಿಲ್ಲಿನವನಾಗಿ ನಿಂತಿದ್ದೆ.

"ತಪ್ಪಿಲ್ಲವ್ವಾ ಯವ್ವಾ, ನೀವು ಮರ್ಯಾದಿ ಜಾಸ್ತಿ ಮಾಡಿದ್ರಿ, ಅದೇ ತಕರಾರು. ಯಪ್ಪಾ, ಮಿಲ್ಲಿನವರು ಬಂದ್ರ ಯಾವ ನೆಲ್ಲು ತೋರಸ್ತೀರಿ? ನಮಗ ಅದನ್ನ ಒಂದು ಸೇರು ಕೊಡ್ರಿ."

ಯಜಮಾನರು ಎರಡೂ ಕೈ ಅಡ್ಡ ಆಡಿಸಿದರು. "ಛೇ ಛೇ! ಅದು ಎಣ್ಣಿ ಹೊಡದಿದ್ದವ್ವಾ. ನೀವು ಮನಿಗೆ ಬಂದೋರು. ನಿಮಗ ಅದನ್ನ ಹೆಂಗ ಕೊಡಾಕ ಬರತದ?"

ಹೇಳಿ ಮುಗಿಸಿದ ಮೇಲೆ ಅವರ ಕೈ ಗಾಳಿಯಲ್ಲೇ ನಿಂತಿತು. ತಾವು ಆಡಿದ ಮಾತು ತಮಗೇ ತಡವಾಗಿ ಕೇಳಿಸಿದ ಹಾಗೆ. ಅಂಗಳದ ಕೋಳಿ ಒಂದು ಸುತ್ತು ಹಾಕಿ ಹೋಯಿತು. ಯಾರೂ ಮಾತಾಡಲಿಲ್ಲ. ಅಕ್ಕಾರೂ ಆಡಲಿಲ್ಲ. ಅಲ್ಲಿ ಮಾತಾಡದೇ ಇದ್ದದ್ದು ಅವರ ದೊಡ್ಡ ಜಾಣತನ ಎಂದು ನನಗೆ ಆಮೇಲೆ ಅನ್ನಿಸಿತು.

ಮಾತಾಡಿದ್ದು ಆ ತಾಯಿ. ಜಗಳಕ್ಕಲ್ಲ, ನಿಜವಾಗಿಯೂ ತಿಳಿಯಬೇಕೆಂದು ಗಂಡನನ್ನು ಕೇಳಿದರು: "ಅಲ್ರೀ, ನಮ್ಮ ಮೊಮ್ಮಗಳು ರಾಯಚೂರಾಗ ಹಾಸ್ಟೆಲ್‌ನಾಗ ಅದಾಳಲ್ಲ. ಅಲ್ಲಿ ಯಾವ ಗದ್ದಿ ಅಕ್ಕಿ ಉಣತಾಳ?"

"ನಿನಗ್ಯಾಕ ಬೇಕು ಅದೆಲ್ಲಾ" ಎಂದರು ಯಜಮಾನರು. ಆದರೆ ಎದ್ದು, ಟವೆಲು ಹೆಗಲಿಗೆ ಹಾಕಿಕೊಂಡು, ಹಿತ್ತಿಲ ಶೆಡ್ಡಿಗೆ ನಡೆದರು. ನಾವು ಹಿಂದೆ ಹೋದೆವು. ಮಿಲ್ಲಿನ ದಾರಿ ಕಾಯುತ್ತಿದ್ದ ಚೀಲಗಳ ಸಾಲು. ಒಂದರ ಬಾಯಿ ಬಿಚ್ಚಿದರು. ಒಂದೂ ಬೇವಿನೆಲೆ ಇಲ್ಲ.

ಅವರು ನಾಲ್ಕು ಕಾಳು ನನ್ನ ಅಂಗೈಗೆ ಹಾಕಿ, "ಮಿಲ್ಲಿನವರು ಕಡದು ನೋಡತಾರ್ರಿ, ಹಸಿ ಅದನೋ ಒಣಗ್ಯದನೋ ಅಂತ" ಎಂದರು. ಬೆಳಗಿನಿಂದ ಮಿಲ್ಲಿನವನ ಪಾತ್ರದಲ್ಲಿ ಮುಳುಗಿದ್ದ ನಾನು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕಟಕ್ಕೆಂದು ಕಡಿದೆ. ಕಡಿದ ಮೇಲೆ ನೆನಪಾಯಿತು, ನಾನು ಯಾರು ಎಂದು. ಏಳು ಸಲ ತೊಳೆಯುವವನು. ಮನೆಯವರ ಎದುರಿಗೆ ಉಗುಳುವಂತಿಲ್ಲ, ನುಂಗುವ ಧೈರ್ಯವಿಲ್ಲ. ಕೆನ್ನೆಯಲ್ಲಿಟ್ಟುಕೊಂಡು ಗೋಡೆಯ ಹಿಂದೆ ಓಡಿದೆ.

ಬಾಯಿ ಮುಕ್ಕಳಿಸಿ ವಾಪಸ್ ಬಂದಾಗ ಅಕ್ಕಾರು ಚೀಲಗಳ ಮೇಲೆ ಒರಗಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಯಜಮಾನರೂ ನಗುತ್ತಿದ್ದರು. "ಸರ, ಈಗ ನೀವs ಸ್ಯಾಂಪಲ್ ಆದ್ರಿ! ಚೀಟಿ ಅಂಟಿಸಿ ಅಳಿಯಾಗ ಕೊಟ್ಟುಬಿಡತೀನಿ."

ಆ ನಗುವಿನ ಮೇಲೆ ಚಹಾ ಬಂತು. ಕುಡಿದೆವು. ಮುಂದಿನ ಮನೆಗಳಿಗೆ ಯಜಮಾನರೇ ನಮ್ಮ ಜೊತೆ ಬಂದು, "ಇವರಿಗೆ ಮನಿ ನೆಲ್ಲು ಕೊಡಬ್ಯಾಡ್ರಪಾ, ಮಿಲ್ಲಿಂದು ಕೊಡ್ರಿ, ಅದನ್ನs ಕಡದು ನೋಡೋ ಚಟ ಅದ ಇವರಿಗೆ" ಎಂದು ಹೇಳಿದರು. ಒಂದು ಬಾಗಿಲೂ ಮುಚ್ಚಲಿಲ್ಲ.

ರಾಯಚೂರಿಗೆ ಮರಳಿ ನಾನು ಮೊದಲು ಪರೀಕ್ಷೆ ಮಾಡಿದ್ದು, ಕಾಳು ಕಡಿದ ಆ ಚೀಲದ್ದನ್ನೇ ಎಂದು ಹೇಳಬೇಕಿಲ್ಲ. ಅದರಲ್ಲಿ ಎರಡು ಬಗೆಯ ಕೀಟನಾಶಕ ಸಿಕ್ಕಿತು. ಒಂದು ಇರಬಹುದಾದ ಮಿತಿಗಿಂತ ಹೆಚ್ಚೇ ಇತ್ತು. ಹೊಟ್ಟು, ತವುಡಿನಲ್ಲಿ ಹೆಚ್ಚು, ಒಳಗಿನ ಬಿಳಿ ಅಕ್ಕಿಯಲ್ಲಿ ಕಡಿಮೆ. ಉಳಿದ ಮನೆಗಳದು ಕೆಲವು ಹೀಗೆ, ಕೆಲವು ಪರವಾಗಿಲ್ಲ. ಒಂದು ಕಾಳಿಗೆ ಏನೂ ಆಗುವುದಿಲ್ಲವೆಂದು ನಾನೇ ನಾಲ್ಕು ಸಲ ಲೆಕ್ಕ ಹಾಕಿದೆ. ಆದರೂ ಒಂದು ವಾರ ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡೆ. ವರದಿಯನ್ನು ಹೊಸದಾಗಿ ಬರೆದೆ. ಮೊದಲ ಸಲದ ನೆಲ್ಲು ಮನೆಬಳಕೆಯದಾಗಿತ್ತು, ತಪ್ಪು ಸಂಗ್ರಹಿಸಿದವನದು ಎಂದು ಮೊದಲ ಪುಟದಲ್ಲೇ ಹಾಕಿದೆ. "ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾ" ಎಂಬ ಮಾತನ್ನು ದೊಡ್ಡ ಸಾಹೇಬರು ಅನಗತ್ಯವೆಂದು ಹೊಡೆದುಹಾಕಿದರು. ಹಳ್ಳಿಯ ಕೆಲಸ ನಿಲ್ಲಲಿಲ್ಲ.

ಮುಂದಿನ ವರ್ಷ ಯಜಮಾನರು ಒಂದೇ ಒಂದು ಮಿಲ್ಲಿನ ಗದ್ದೆಗೆ ಕಡೆಯ ಸಲದ ಎಣ್ಣೆ ಬಿಟ್ಟರು. ಬಿಟ್ಟವರು ಅವರು, ನಿದ್ದೆಗೆಟ್ಟವನು ನಾನು. ಅಕ್ಕಾರು ಹೇಳಿಕೊಟ್ಟಂತೆ ಅವರು ಎರಡು ಮೂರು ದಿನಕ್ಕೊಮ್ಮೆ ಪೈರನ್ನು ಸರಿಸಿ ಬುಡದಲ್ಲಿ ಹುಳ ಎಷ್ಟಿವೆ ಎಂದು ನೋಡಿದರು, ನಾಲ್ಕು ದಿನ ನೀರು ಬಸಿದು ಗದ್ದೆ ಆರಿಸಿದರು, ಯೂರಿಯಾ ಕೈಹಿಡಿದು ಹಾಕಿದರು. ಬೆಳೆ ಉಳಿಯಿತು. ಅದರ ಮುಂದಿನ ವರ್ಷ ಇನ್ನೆರಡು ಗದ್ದೆ. ಒಂದು ಮುಂಜಾನೆ ಅವರೇ ಫೋನ್ ಮಾಡಿ, "ಅಕ್ಕಾರಿಗೆ ಹೇಳ್ರಿ, ಮಿಲ್ಲಿನ ಗದ್ಯಾಗೂ ಕಪ್ಪಿ ಒದರಾಕತ್ತಾವ, ನಿದ್ದಿ ಇಲ್ಲದಂಗಾಗೇದ" ಎಂದು ದೂರುವ ದನಿಯಲ್ಲಿ ಹೇಳಿದರು. ಹೇಳುವಾಗ ಅವರ ಎದೆ ಉಬ್ಬಿದ್ದು ಫೋನಿನಲ್ಲೇ ಕಾಣುತ್ತಿತ್ತು.

ಕೆಸರು ಮಾತ್ರ ಅಷ್ಟು ಬೇಗ ಒಪ್ಪಲಿಲ್ಲ. ಹೊಡೆಯುವುದು ನಿಂತ ಮೇಲೂ ಹಳೆಯದು ಅಲ್ಲಿ ಸಿಗುತ್ತಲೇ ಇತ್ತು, ಈಗಲೂ ಒಂದಿಷ್ಟು ಸಿಗುತ್ತದೆ. ಆದರೆ ಪ್ರತಿ ಸುಗ್ಗಿಗೂ ಮೊದಲಿಗಿಂತ ಕಡಿಮೆ. ಅಳಿಯ ಕೊಟ್ಟ ಚೀಟಿ ನೋಡಿ ಅಕ್ಕಾರು, "ರಾಡಿ ಮರಿಯಾಕತ್ತದ್ರಿ ಸರ, ಸಾವಕಾಶ ಮರಿಯಾಕತ್ತದ" ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ಕಣ್ಣಲ್ಲಿ ಹಳೆಯ ಕೂಲಿ ಚೀಲವೂ ಇತ್ತೋ ಏನೋ.

ಈಗ ಮತ್ತೆ ಬೀಳ್ಕೊಡುಗೆಯ ದಿನಕ್ಕೆ. ನನ್ನ ಗಡಿಯಾರದ ಭಾಷಣ ಮುಗಿದು, ಜನ ಉಪ್ಪಿಟ್ಟಿನ ಕಡೆ ಎದ್ದಿದ್ದರು. ಅಷ್ಟರಲ್ಲಿ ಯಜಮಾನರು ಬಂದರು. ಮಾನ್ವಿಯಿಂದ ಬಸ್ಸಿನಲ್ಲಿ, ಸ್ಟ್ಯಾಂಡಿನಿಂದ ಆಟೋದಲ್ಲಿ, ಹೆಗಲ ಮೇಲೆ ಒಂದು ಬಿಳಿ ಚೀಲ ಹೊತ್ತುಕೊಂಡು. ಸೀದಾ ಹೋಗಿ ಅಕ್ಕಾರ ಕಾಲ ಹತ್ತಿರ ಇಳಿಸಿದರು. "ಅಕ್ಕಿ ಅವ್ವಾ. ನಿನಗಂತ ತಂದೀನಿ."

ಅಕ್ಕಾರು ಶಾಲು ಸರಿಸಿ, ಕೆಳಗೆ ಕೂತು, ಚೀಲದ ಬಾಯಿ ಬಿಚ್ಚಿ ಮೊಣಕೈ ತನಕ ಕೈ ಇಳಿಸಿದರು. ಅಡಿಯಿಂದ ಒಂದು ಮುಷ್ಟಿ ತೆಗೆದು ನೋಡಿದರು. ಮತ್ತೆ ಇನ್ನೊಂದು ಕಡೆ ಇಳಿಸಿದರು. ಮತ್ತೊಂದು ಕಡೆ. ಅವರು ಏನು ಹುಡುಕುತ್ತಿದ್ದಾರೆಂದು ಆ ಸಭೆಯಲ್ಲಿ ಗೊತ್ತಿದ್ದವರು ಮೂರು ನಾಲ್ಕು ಜನ ಮಾತ್ರ.

"ಯಪ್ಪಾ, ಇದರಾಗ ಬೇವಿನ ಎಲಿ ಇಲ್ಲಲ್ಲ?"

"ಎಲ್ಲಿಂದಿರತದವ್ವಾ? ಇದು ಮನಿ ಅಕ್ಕಿ ಅಲ್ಲ" ಎಂದರು ಯಜಮಾನರು. ಆಮೇಲೆ ಟವೆಲಿನಿಂದ ಬೆವರು ಒರೆಸಿಕೊಳ್ಳುತ್ತಾ, "ಮಿಲ್ಲಿಂದು. ಮೊಮ್ಮಗಳು ಉಣ್ಣೋದು ಇದನ್ನs" ಎಂದರು.

ಅಕ್ಕಾರು ಮುಷ್ಟಿಯಲ್ಲಿದ್ದ ಅಕ್ಕಿಯನ್ನು ನೋಡುತ್ತಾ ಕೂತಿದ್ದರು. ನಾನು ಅವರನ್ನು ಹಾಗೆ ಮಾತಿಲ್ಲದೆ ನೋಡಿದ್ದು ಎರಡೇ ಸಲ, ಎರಡು ಸಲವೂ ಈ ಯಜಮಾನರ ಎದುರು. ಕಡೆಗೆ ಕಣ್ಣೊರೆಸಿಕೊಂಡು, ಆ ಮುಷ್ಟಿಯನ್ನು ನನ್ನ ಕರವಸ್ತ್ರಕ್ಕೆ ಸುರಿದರು. ಇನ್ನೂ ಎರಡು ಬೊಗಸೆ ಹಾಕಿ ಗಂಟು ಕಟ್ಟಿದರು.

"ಸರ, ಇದು ಅಳಿಯಾಗಲ್ಲ. ನಿಮಗ."

ಸಂಜೆ ಮನೆಯಲ್ಲಿ ಆ ಗಂಟು ಬಿಚ್ಚಿದೆ. ಸುಳ್ಳು ಹೇಳುವುದಿಲ್ಲ, ಒಂದು ಚಮಚದಷ್ಟು ಎತ್ತಿ ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಿದೆ. ಮರುದಿನ ಅಳಿಯನಿಗೂ ಕೊಟ್ಟೆ, ಅವನಿಗೆ ಏನೂ ಸಿಗಲಿಲ್ಲ. ಆದರೆ ಅದು ಮರುದಿನದ ಮಾತು. ಆ ಸಂಜೆ ನಾನು ಅಕ್ಕಿಯನ್ನು ಪಾತ್ರೆಗೆ ಹಾಕಿ, ನೀರು ಬಿಟ್ಟು, ಒಂದು ಸಲ ಕೈಯಾಡಿಸಿ ಬಸಿದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಣಿಸಲು ತಯಾರಾಗಿದ್ದಳು. ಎರಡನೆಯ ಸಲಕ್ಕೆ ನನ್ನ ಕೈ ನಲ್ಲಿಯ ತನಕ ಹೋಗಿತ್ತು, ನಿಜ.

ಅಲ್ಲಿಂದ ಹಿಂದಕ್ಕೆ ತಂದು, ಒಲೆ ಹಚ್ಚಿದೆ.